ಏಳನೆಯ ಪ್ಲಗ್ಗು

ಹೋದ ತಿಂಗಳು ಉಗುರು ಕತ್ತರಿ ಹುಡುಕಲು ಹೋಗಿ, ಕಪಾಟಿನ ಮೇಲಿದ್ದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ತಲೆಯ ಮೇಲೆ ಬೀಳಿಸಿಕೊಂಡೆ. ನಮ್ಮ ಮನೆಯಲ್ಲಿ ಉಗುರು ಕತ್ತರಿ ಬೇಕಾದಾಗ ಸಿಗುವ ವಸ್ತುವಲ್ಲ. ಅದನ್ನು ಹುಡುಕುವ ನೆಪದಲ್ಲಿ ಬೇಡವಾದದ್ದೆಲ್ಲ ಸಿಗುತ್ತದೆ. ಡಬ್ಬಿಯ ಮುಚ್ಚಳ ಕಳಚಿ ಆರು ಸ್ಪಾರ್ಕ್ ಪ್ಲಗ್ಗುಗಳು ನೆಲದ ಮೇಲೆ ಉರುಳಿದವು. ಅಡುಗೆಮನೆಯಿಂದ ನಮ್ಮ ಮನೆಯಾಕೆ, "ಎಂತ ಬಿತ್ತು?" ಎಂದಳು. "ಪ್ಲಗ್ಗು" ಎಂದೆ. "ಇನ್ನೂ ಬಿಸಾಡ್ಲಿಲ್ವಾ ಅವನ್ನ?" ಎಂದು ಕೇಳಿ ಸುಮ್ಮನಾದಳು. ಬೇರೆ ವಿಷಯವಾಗಿದ್ದರೆ ಅವಳು ಅಷ್ಟಕ್ಕೆ ಬಿಡುವವಳಲ್ಲ. ಈ ಪ್ಲಗ್ಗುಗಳ ಬಗ್ಗೆ ಮಾತ್ರ ನಾವಿಬ್ಬರೂ ಆರು ವರ್ಷಗಳಿಂದ ಮಾತೆತ್ತಿರಲಿಲ್ಲ.

ಸ್ಪಾರ್ಕ್ ಪ್ಲಗ್ಗನ್ನು ನೀವು ನೋಡಿರುತ್ತೀರಿ. ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಮೇಲರ್ಧ ಬಿಳಿ ಪಿಂಗಾಣಿ, ಕೆಳಗರ್ಧ ಸ್ಕ್ರೂವಿನ ಸುತ್ತು, ತುದಿಯಲ್ಲಿ ಬಾಗಿದ ಒಂದು ಪುಟ್ಟ ಕೊಕ್ಕೆ. ಆ ಕೊಕ್ಕೆಗೂ ನಡುವಿನ ಕಡ್ಡಿಗೂ ಇರುವ ಸಂದಿಯಲ್ಲಿ ಕಿಡಿ ಹಾರಿದರೆ ಬೈಕು ಓಡುತ್ತದೆ, ಹಾರದಿದ್ದರೆ ನೀವು ತಳ್ಳುತ್ತೀರಿ. ಇಷ್ಟೇ ಅದರ ಶಾಸ್ತ್ರ. ಇಷ್ಟು ಸಣ್ಣ ವಸ್ತುವಿನ ಮೇಲೆ ಒಬ್ಬ ಮನುಷ್ಯ ಎಷ್ಟು ತಲೆ ಕೆಡಿಸಿಕೊಳ್ಳಬಹುದು ಎಂದು ನೀವು ಕೇಳಬಹುದು. ನಾನು ಕೆಡಿಸಿಕೊಂಡಿದ್ದೇನೆ, ಆ ಡಬ್ಬಿ ಅದಕ್ಕೆ ಸಾಕ್ಷಿ.

ಈ ಹುಚ್ಚು ನನಗೆ ಸೋದರಮಾವನಿಂದ ಬಂದದ್ದಿರಬೇಕು. ನಾನು ಬೆಳೆದದ್ದು ಆನಂದಪುರದಲ್ಲಿ, ಮಾವನ ಮನೆಯಲ್ಲಿ. ಮಾವ ದಿನಾ ಮೊಪೆಡ್ಡಿನಲ್ಲಿ ಸಾಗರಕ್ಕೆ ಹೋಗಿ ಅಂಗಡಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತಿದ್ದ. ಆಷಾಢದ ಬೆಳಗಿನ ಥಂಡಿಗೆ ಮೊಪೆಡ್ಡು ಸ್ಟಾರ್ಟ್ ಆಗುತ್ತಿರಲಿಲ್ಲ. ಆಗ ಪ್ಲಗ್ಗನ್ನು ಬಿಚ್ಚಿ ತಂದು ಅತ್ತೆಯ ಒಲೆಯ ಕೆಂಡದಲ್ಲಿ ಕಾಯಿಸುವುದು ನಮ್ಮ ಕಡೆಯ ಪದ್ಧತಿ. ಒಲೆಯ ಒಂದು ಪಕ್ಕದಲ್ಲಿ ಅಕ್ಕಿರೊಟ್ಟಿ, ಇನ್ನೊಂದು ಪಕ್ಕದಲ್ಲಿ ಪ್ಲಗ್ಗು. "ನಿಮ್ಮ ಮೊಪೆಡ್ಡಿಗೆ ಬೇರೆ ಒಲೆ ಕಟ್ಟಿಸ್ಕೊಡಿ, ಮಕ್ಕಳು ಪೆಟ್ರೋಲ್ ವಾಸನೆ ರೊಟ್ಟಿ ತಿನ್ತಾ ಇದಾವೆ" ಎಂದು ಅತ್ತೆ ಗೊಣಗುತ್ತಿದ್ದಳು. ಕಾದ ಪ್ಲಗ್ಗನ್ನು ಇಕ್ಕಳದಲ್ಲಿ ಹಿಡಿದು, ಅದು ಆರುವ ಮೊದಲು ಅಂಗಳಕ್ಕೆ ಓಡುವುದು ನನ್ನ ಪಾಲಿನ ಕೆಲಸ. ನನಗಂತೂ ಆ ಓಟದಲ್ಲಿ ಬಹಳ ಹೆಮ್ಮೆ.

ಒಂದು ದಿನ ಓಡುವ ಭರದಲ್ಲಿ ಅದನ್ನು ಬಚ್ಚಲ ಬಾಗಿಲಿನ ನೀರಿನ ಬಕೆಟ್ಟಿಗೆ ಬೀಳಿಸಿದೆ. ಚುಂಯ್ ಎಂದಿತು. ತೆಗೆದು ನೋಡಿದರೆ ಪಿಂಗಾಣಿಯಲ್ಲಿ ಕೂದಲಿನಷ್ಟು ಸಪೂರ ಬಿರುಕು. ಯಾರೂ ನೋಡಿರಲಿಲ್ಲ. ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಕೆಂಡದಲ್ಲಿಟ್ಟು ಕಾಯಿಸಿ, ಏನೂ ಆಗದವನಂತೆ ಮಾವನ ಕೈಗೆ ಕೊಟ್ಟೆ. ಪಾಪ, ಮಾವ ಅರ್ಧ ಗಂಟೆ ಪೆಡಲು ತುಳಿದ. ಬೆವರು ಸುರಿಸಿ, ಮೊಪೆಡ್ಡಿನ ವಂಶವನ್ನೆಲ್ಲ ಬೈದು, ಕೊನೆಗೆ ಬಸ್ಸಿಗೆ ಹೋದ. ಸಂಜೆ ಬಿರುಕು ಅವನ ಕಣ್ಣಿಗೆ ಬಿತ್ತು. "ಒಡೆದಿದ್ದಕ್ಕೆ ಸಿಟ್ಟಿಲ್ಲ ಕಣೋ. ನಾನು ತುಳಿಯೋದನ್ನ ನೋಡ್ತಾ ನಿಂತಿದ್ಯಲ್ಲ, ಅದಕ್ಕೆ ಸಿಟ್ಟು" ಎಂದ. ನಾನು ದೊಡ್ಡವನಾದ ಮೇಲೆ ಸರಿಹೋದೇನು ಎಂದು ಅವನು ನಂಬಿದ್ದಿರಬೇಕು.

ದೊಡ್ಡವನಾಗಿ ನಾನು ಪಶು ಆಸ್ಪತ್ರೆಯಲ್ಲಿ ಪರೀಕ್ಷಕನಾದೆ. ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗೆ. ಆ ವ್ಯತ್ಯಾಸ ದನಕ್ಕೆ ಗೊತ್ತಾಗುವುದಿಲ್ಲ, ದನದ ಯಜಮಾನರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಎಲ್ಲರಿಗೂ ನಾನು ಡಾಕ್ಟ್ರೇ. ಮೊದಲು ತೀರ್ಥಹಳ್ಳಿ ಕಡೆ ಇದ್ದೆ, ಆಮೇಲೆ ಹೊಸನಗರಕ್ಕೆ ವರ್ಗವಾಯಿತು. ಅಲ್ಲಿಂದ ಇಲ್ಲಿಗೆ ನನ್ನ ಜೊತೆ ಬಂದದ್ದು ಒಂದು ನೂರು ಸಿಸಿಯ ಬೈಕು. ಅದು ಹಳೆಯದು, ಸ್ವಲ್ಪ ಹೊಗೆ ಬಿಡುತ್ತದೆ, ಆದರೂ ಗಬ್ಬದ ಹಸುವಿನ ಹಾಗೆ ಎಲ್ಲಿಗೆ ಕರೆದರೂ ನಿಧಾನಕ್ಕೆ ಬರುತ್ತದೆ. ಈ ಬೈಕಿನ ದೆಸೆಯಿಂದ ನನಗೆ ಹೂವಪ್ಪನ ಪರಿಚಯವಾಯಿತು.

ಹೂವಪ್ಪ ಹೊಸನಗರದಲ್ಲಿ ಬಸ್‌ಸ್ಟ್ಯಾಂಡಿನ ಹಿಂದುಗಡೆ ಗ್ಯಾರೇಜು ಇಟ್ಟುಕೊಂಡಿರುವವನು. ಊರು ಹುಲಿಕಲ್ಲಿನ ದಾರಿಯಲ್ಲಿ ಒಂದು ಹಳ್ಳಿ. ಅಲ್ಲಿ ಅಪ್ಪ ಅಮ್ಮ, ಒಂದಿಷ್ಟು ಗದ್ದೆ, ಎರಡು ದನ. ಅವರಿಗೆ ಇವನೊಬ್ಬನೇ ಮಗ. ಗಾಡಿ ತಂದವರನ್ನು ಅವನು ಏನಾಗಿದೆ ಎಂದು ಕೇಳುವುದಿಲ್ಲ. ಮೊದಲು ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿಯುತ್ತಾನೆ. ತುದಿ ಚಹಾ ಬಣ್ಣಕ್ಕಿದ್ದರೆ ಗಾಡಿಯ ಆರೋಗ್ಯ ಚೆನ್ನಾಗಿದೆ. ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಕಡಿಮೆ, ಒದ್ದೆಯಾಗಿ ಹೊಳೆಯುತ್ತಿದ್ದರೆ ಆಯಿಲು ಮೇಲೆ ಬರುತ್ತಿದೆ. "ನೀವು ದನದ ಕಣ್ಣಿನ ರೆಪ್ಪೆ ಬಿಡಿಸಿ ನೋಡಲ್ವಾ ಡಾಕ್ಟ್ರೇ, ಹಂಗೇ ಇದು" ಎಂದಿದ್ದ. ಅವನದೇ ಇನ್ನೊಂದು ಕಟ್ಟಳೆ ಇತ್ತು. ಘಟ್ಟ ಇಳಿಯುವ ಯಾವ ಗಾಡಿಯಾದರೂ ಸೀಟಿನ ಕೆಳಗೆ ಒಂದು ಹಳೆಯ ಪ್ಲಗ್ಗನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿರಲೇಬೇಕು. ಹುಲಿಕಲ್ ಘಾಟಿಯಲ್ಲಿ ಫೋನೂ ತಾಗುವುದಿಲ್ಲ, ಗ್ಯಾರೇಜೂ ಇಲ್ಲ.

ನನ್ನ ಹುಚ್ಚು ಕೆದರಿದ್ದು ಮೊಬೈಲಿನಿಂದ. ಯಾರೋ ಒಬ್ಬ ಹುಡುಗ ವಿಡಿಯೋದಲ್ಲಿ ಕಿರುಚಿಕೊಂಡು, ಕಂಪನಿ ಕೊಟ್ಟ ಪ್ಲಗ್ಗನ್ನು ಕಿತ್ತೆಸೆದು ಈ ಹೊಸ ಪ್ಲಗ್ಗು ಹಾಕಿ ನೋಡಿ, ನಿಮ್ಮ ಬೈಕು ಕುದುರೆಯಾಗುತ್ತದೆ ಎಂದ. ನಲವತ್ತು ದಾಟಿದವನಿಗೆ ಕುದುರೆಯ ಅಗತ್ಯ ಏನಿತ್ತೋ ಗೊತ್ತಿಲ್ಲ. ತರಿಸಿದೆ. ಸೂಜಿಯ ಮೊನೆಯಂಥ ಕಡ್ಡಿ ಇದ್ದದ್ದು ಒಂದು, ಎರಡು ಕೊಕ್ಕೆಯದೊಂದು, ನಾಲ್ಕು ಕೊಕ್ಕೆಯದೊಂದು, ಚಿನ್ನದ ಬಣ್ಣದ್ದೊಂದು, ಹೀಗೆ ಒಂದಾದ ಮೇಲೊಂದು. ಪ್ರತಿ ಸಲವೂ ಹಾಕಿಕೊಂಡು ತೀರ್ಥಹಳ್ಳಿಯವರೆಗೆ ಹೋಗಿ ಬರುವುದು, ಏರಿನಲ್ಲಿ ಕಿವಿಗೊಟ್ಟು ಕೇಳುವುದು, ಬಂದು ಹೂವಪ್ಪನ ಎದುರು ವರದಿ ಒಪ್ಪಿಸುವುದು. "ಪಿಕಪ್ ಸ್ವಲ್ಪ ಜಾಸ್ತಿ ಆದ ಹಂಗಿದೆ ಹೂವಪ್ಪ." ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಗಾಡಿದು ಅಷ್ಟೇ ಇದೆ ಡಾಕ್ಟ್ರೇ, ನಿಮ್ಮದು ಜಾಸ್ತಿ ಆಗಿದೆ" ಎನ್ನುತ್ತಿದ್ದ. ಅಲ್ಲಿ ಚಹಾ ಕುಡಿಯುತ್ತ ಕೂತವರೆಲ್ಲ ನಗುತ್ತಿದ್ದರು. ನನಗೆ ಮುಖ ಬಿಸಿಯಾಗುತ್ತಿತ್ತು.

ಆರನೆಯದನ್ನು ಹಾಕಿದಾಗ ಗಾಡಿ ಎಡವುತ್ತಿತ್ತು. ಹೂವಪ್ಪ ಅದನ್ನು ಬಿಚ್ಚಿ ಎಲ್ಲರಿಗೂ ತೋರಿಸಿ, "ನೋಡಿ, ದನದ ಡಾಕ್ಟ್ರು ಗಾಡಿಗೆ ಅಜೀರ್ಣ ಮಾಡಿಸಿದಾರೆ" ಎಂದ. ಅದಾದ ಮೇಲೆ ಇನ್ನೊಂದು ಪ್ಲಗ್ಗು ತರಿಸಿದರೆ ಅವನಿಗೆ ತೋರಿಸಕೂಡದು ಎಂದು ಶಪಥ ಮಾಡಿದೆ. ತರಿಸಕೂಡದು ಎಂದು ಶಪಥ ಮಾಡಬಹುದಿತ್ತು. ಅದು ನನಗೆ ಹೊಳೆಯಲಿಲ್ಲ.

ಏಳನೆಯದು ರೇಸಿನ ಗಾಡಿಗೆ ಹಾಕುವ ಪ್ಲಗ್ಗು. ಬಿರುಸಾಗಿ ಓಡಿ ಬಿಸಿಯಾಗುವ ಎಂಜಿನ್ನಿಗೆ ಅದು ಸರಿ. ನನ್ನಂಥವನ ಬೈಕಿನಲ್ಲಿ ಅದು ಬಿಸಿಯಾಗುವುದೇ ಇಲ್ಲ, ಹಾಗಾಗಿ ಮಸಿ ಸುಟ್ಟುಹೋಗದೆ ತುದಿಯಲ್ಲೇ ಕಟ್ಟಿಕೊಳ್ಳುತ್ತದೆ. ಅದರಲ್ಲೂ ಆಕ್ಸಿಲರೇಟರ್ ಬಿಟ್ಟು ಉದ್ದನೆಯ ಘಾಟಿ ಇಳಿದರೆ ಆಯಿಲು ಏರಿ, ತುದಿ ಒದ್ದೆಯಾಗಿ, ಕಿಡಿಯೇ ಹಾರುವುದಿಲ್ಲ. ಇದೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು. ಆಗ ಗೊತ್ತಿದ್ದದ್ದು ಅದರ ಮೇಲೆ ಕೆಂಪು ಅಕ್ಷರ ಇತ್ತು ಎಂಬುದಷ್ಟೇ. ಒಂದು ಭಾನುವಾರ ಕ್ವಾರ್ಟರ್ಸಿನ ಹಿಂದೆ ನಾನೇ ಕೂತು ಅದನ್ನು ಹಾಕಿಕೊಂಡೆ. ಬಿಚ್ಚಿದ ಕಂಪನಿ ಪ್ಲಗ್ಗು ಕಿಟಕಿಯ ಕಟ್ಟೆಗೆ ಹೋಯಿತು. ಸೀಟಿನ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೆಯದನ್ನೂ ತೆಗೆದು ಎಸೆದು, ಆ ಜಾಗದಲ್ಲಿ ದನ ನೋಡುವಾಗ ಹಾಕಿಕೊಳ್ಳುವ ಕೈಗವಸುಗಳ ಕಟ್ಟು ತುರುಕಿದೆ.

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಹೂವಪ್ಪ ನಡೆದುಕೊಂಡು ನಮ್ಮ ಮನೆಗೆ ಬಂದ. ಅವನ ಅಪ್ಪನಿಗೆ ಹತ್ತು ದಿನಗಳಿಂದ ಹುಷಾರಿರಲಿಲ್ಲ. ಘಟ್ಟದ ಕೆಳಗೆ ಕುಂದಾಪುರದ ಒಂದು ಆಸ್ಪತ್ರೆಯಲ್ಲಿ ಉಸಿರಿಗೆ ಪೈಪು ಹಾಕಿ ಮಲಗಿಸಿದ್ದರು. ಅಮ್ಮ ಚೌಡಮ್ಮ ಅಲ್ಲೇ ಇದ್ದಳು. ಇವನು ಬಟ್ಟೆ ಒಯ್ಯಲು ಹಿಂದಿನ ದಿನವಷ್ಟೇ ಮೇಲೆ ಬಂದಿದ್ದ. "ಡಾಕ್ಟ್ರೇ, ಗಾಡಿ ಬೇಕಿತ್ತು. ನಂದು ಬಿಚ್ಚಿ ಹಾಕಿದೀನಿ. ಇನ್ನೊಂದು ಬಸ್ಸಿಗೆ ಕಾದ್ರೆ ತಡ ಆಗ್ತದೆ" ಎಂದ. ಮುಖ ನೋಡಿದರೆ ಪರಿಸ್ಥಿತಿ ಹೇಗಿದೆ ಎಂದು ಕೇಳುವ ಹಾಗಿರಲಿಲ್ಲ. ಕೀಲಿ ಕೊಟ್ಟೆ.

ಅವನು ಸ್ಟ್ಯಾಂಡು ತೆಗೆದು ಕಿಕ್ ಹೊಡೆಯುವುದಕ್ಕೆ ಎಷ್ಟು ಹೊತ್ತು ಹಿಡಿದೀತು ಹೇಳಿ. ಅಷ್ಟು ಹೊತ್ತು ನನ್ನ ನಾಲಿಗೆಯ ತುದಿಯಲ್ಲಿ ಮಾತು ಇತ್ತು. ಹೂವಪ್ಪ, ಒಳಗೆ ಬೇರೆ ಪ್ಲಗ್ಗಿದೆ, ಒಂದು ನಿಮಿಷ ಇರು, ಹಳೆಯದು ಕಿಟಕಿಯಲ್ಲಿದೆ, ತರುತ್ತೇನೆ. ಇಷ್ಟು ಹೇಳಲು ನನಗೆ ಆಗಲಿಲ್ಲ. ಯಾಕೆ ಎಂದರೆ ನಾಚಿಕೆ. ಅವನು ನಗುತ್ತಾನೆ ಎಂಬ ಹೆದರಿಕೆ. ಅಪ್ಪ ಸಾಯುತ್ತಿರುವ ಮನುಷ್ಯ ನನ್ನ ಪ್ಲಗ್ಗು ನೋಡಿ ನಗುತ್ತಾನೆ ಎಂದು ನಾನು ಹೆದರಿದೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಗಾಡಿ ಮೊದಲ ಕಿಕ್ಕಿಗೇ ಸ್ಟಾರ್ಟಾಯಿತು. ಸರಿಯಾಗಿಯೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಒಳಗೆ ಬಂದು ತಿಂಡಿ ತಿಂದೆ.

ಹನ್ನೊಂದಕ್ಕೆಲ್ಲ ಅವನು ಆಸ್ಪತ್ರೆ ಮುಟ್ಟಬೇಕಿತ್ತು. ಮುಟ್ಟಿದ್ದು ಒಂದೂವರೆಗೆ. ಗಾಡಿ ಹುಲಿಕಲ್ ಘಾಟಿಯಲ್ಲಿ ಕೆಟ್ಟು ನಿಂತಿತಂತೆ. ಅಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು ಬೆಳಿಗ್ಗೆಯಿಂದ ಮಗನಿಗೆ ಕಾಯುತ್ತಿದ್ದರು. ಇನ್ನು ಇಟ್ಟುಕೊಂಡು ಪ್ರಯೋಜನವಿಲ್ಲ, ಮನೆಯವರು ಸಹಿ ಹಾಕಿದರೆ ಪೈಪು ತೆಗೆದು ಊರಿಗೆ ಕಳಿಸುತ್ತೇವೆ ಎಂದಿದ್ದರು. ಮಗ ಬರಲಿಲ್ಲ, ಫೋನೂ ತಾಗಲಿಲ್ಲ. ಹನ್ನೆರಡು ಗಂಟೆಗೆ ಕಾಗದವನ್ನು ಚೌಡಮ್ಮನ ಮುಂದೆ ಇಟ್ಟರು. ಅವಳು ಸಹಿ ಹಾಕಿದಳು. ಪೈಪು ತೆಗೆದರು. ಆಂಬುಲೆನ್ಸಿಗೆ ಹತ್ತಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಾರ್ಯವೆಲ್ಲ ಮುಗಿದ ಮೇಲೆ ಹೂವಪ್ಪ ತಲೆ ಬೋಳಿಸಿಕೊಂಡು ಗಾಡಿ ತಂದು ನಿಲ್ಲಿಸಿದ. "ಘಾಟಿಯಲ್ಲಿ ಕೈ ಕೊಡ್ತು ಡಾಕ್ಟ್ರೇ" ಎಂದನೇ ಹೊರತು ಇನ್ನೇನೂ ಹೇಳಲಿಲ್ಲ. ಅವನು ಹೋದ ಮೇಲೆ ನೋಡಿದೆ. ಒಳಗೆ ಕಂಪನಿಯ ಪ್ಲಗ್ಗೇ ಇತ್ತು, ಹೊಸದು. ಕೆಂಪು ಅಕ್ಷರದ್ದು ಎಲ್ಲಿಗೆ ಹೋಯಿತು ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಅಂದಿನಿಂದ ನಾನು ಹೊಸ ಪ್ಲಗ್ಗು ತರಿಸಲಿಲ್ಲ. ಅವನು ನನ್ನನ್ನು ತಮಾಷೆ ಮಾಡುವುದನ್ನೂ ಬಿಟ್ಟ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಸರ್ವೀಸಿಗೆ ಬಿಟ್ಟಾಗಲೆಲ್ಲ ಚೆನ್ನಾಗಿಯೇ ಮಾಡಿ ಕೊಡುತ್ತಿದ್ದ. ನಾನು ಕಟ್ಟೆಯ ಮೇಲೆ ಕೂತು ಅವನ ಬೆನ್ನು ನೋಡುತ್ತಿದ್ದೆ. ಮನೆಯಾಕೆಗೆ ಮಾತ್ರ ಒಮ್ಮೆ ಹೇಳಿದ್ದೆ. ಅವಳು, "ಅವ್ರಿಗೆ ಹೇಳಿ" ಎಂದಿದ್ದಳು. ನಾನು ಹೇಳಿರಲಿಲ್ಲ.

ಇದಕ್ಕಿಂತ ಕಷ್ಟದ್ದು ಆ ಮನೆಗೆ ದನ ನೋಡಲು ಹೋಗುವುದು. ಚೌಡಮ್ಮ ಬಂದವರನ್ನು ಉಣಿಸದೆ ಕಳಿಸುವವಳಲ್ಲ. ಎಷ್ಟು ಬೇಡವೆಂದರೂ ಮಣೆ ಹಾಕಿ, ಗಂಜಿಯೋ ಕಡುಬೋ ಬಡಿಸಿ, ಎದುರು ಕೂತು ಆ ದಿನದ ಕತೆ ಹೇಳುವಳು. "ಬೈಕು ಒಂದು ಸರಿ ಇದ್ದಿದ್ರೆ ಮಗ ಬರ್ತಿದ್ದ ಡಾಕ್ಟ್ರೇ. ನನ್ನ ಕೈಲಿ ಆ ಕೆಲಸ ಮಾಡಿಸ್ತಿರ್ಲಿಲ್ಲ. ಹಾಳಾದ್ದು ಆವತ್ತೇ ಕೆಡ್ಬೇಕಾ?" ಎಂದು, ಮರುಕ್ಷಣ ಅದು ನನ್ನ ಬೈಕು ಎಂದು ನೆನಪಾಗಿ, "ನಿಮ್ಮನ್ನ ಅಂದಿದ್ದಲ್ಲ ಮತ್ತೆ. ಕಬ್ಬಿಣಕ್ಕೆ ಎಂತ ಗೊತ್ತು" ಎನ್ನುವಳು. ನನಗೆ ತುತ್ತು ಇಳಿಯುತ್ತಿರಲಿಲ್ಲ. ಊಟ ಸೇರಲಿಲ್ಲವೇನೋ ಎಂದು ಅವಳು ಇನ್ನಷ್ಟು ಉಪ್ಪಿನಕಾಯಿ ಬಡಿಸುತ್ತಿದ್ದಳು.

ಒಮ್ಮೆ ದನದ ವಿಮೆಯ ಫಾರಂ ತೆಗೆದುಕೊಂಡು ಹೋಗಿದ್ದೆ. ಚೌಡಮ್ಮ ಶಾಲೆ ಕಂಡವಳಲ್ಲ. ಮಹಿಳಾ ಸಂಘಕ್ಕೆ ಸೇರಿದ ಮೇಲೆ ಸಹಿ ಕಲಿತು, ಅದನ್ನು ಎಲ್ಲರಿಗೂ ಹೇಳಿಕೊಂಡು ಹಿಗ್ಗಿದ್ದವಳು. ಹಿಂದೆ ನನ್ನ ರಿಜಿಸ್ಟರಿನಲ್ಲೇ ನಾಲಿಗೆ ಕಚ್ಚಿಕೊಂಡು ನಾಲ್ಕು ಅಕ್ಷರ ಬರೆದು, "ಸರೀ ಬಂತಾ ನೋಡಿ" ಎಂದಿದ್ದಳು. ಈ ಸಲ ಪೆನ್ನು ಮುಂದೆ ಮಾಡಿದರೆ ಮುಟ್ಟಲಿಲ್ಲ. "ಇಂಕಿನ ಪ್ಯಾಡ್ ಇಲ್ವಾ ಡಾಕ್ಟ್ರೇ? ಹೆಬ್ಬೆಟ್ಟು ಒತ್ತುತೀನಿ" ಎಂದಳು. ಸಹಿ ಬರುತ್ತದಲ್ಲ ಅಮ್ಮ ಎಂದೆ. "ಒಂದ್ಸಲ ಹಾಕಿದ್ದೇ ಸಾಕು" ಎಂದಳು. ಆ ದಿನ ವಾಪಸು ಬರುವಾಗ ದಾರಿಯಲ್ಲಿ ಗಾಡಿ ನಿಲ್ಲಿಸಿ, ಹೆಲ್ಮೆಟ್ಟು ತೆಗೆಯದೆ ಅತ್ತೆ. ಯಾರಾದರೂ ನೋಡಿದ್ದರೆ ಬೈಕು ಕೆಟ್ಟಿದೆ ಎಂದುಕೊಂಡಿರುತ್ತಿದ್ದರು.

ಹೀಗಿರುವಾಗ ಹೋದ ತಿಂಗಳು ಡಬ್ಬಿ ತಲೆಯ ಮೇಲೆ ಬಿತ್ತು. ನೆಲದಿಂದ ಆರನ್ನೂ ಆಯ್ದುಕೊಂಡು, ಇನ್ನು ತಡೆಯಲಾರೆ ಎನ್ನಿಸಿ, ಡಬ್ಬಿಯ ಸಮೇತ ಗ್ಯಾರೇಜಿಗೆ ಹೋದೆ. ಮಧ್ಯಾಹ್ನ. ಕರೆಂಟಿರಲಿಲ್ಲ, ಬೇರೆ ಯಾರೂ ಇರಲಿಲ್ಲ. ಹೂವಪ್ಪ ಒಂದು ತಟ್ಟೆಯಲ್ಲಿ ಪೆಟ್ರೋಲು ಹಾಕಿಕೊಂಡು ಕಾರ್ಬರೇಟರ್ ತೊಳೆಯುತ್ತ ಕೂತಿದ್ದ. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ ಪೀಠಿಕೆಯೆಲ್ಲ ಮರೆತುಹೋಯಿತು.

"ಹೂವಪ್ಪ, ಆವತ್ತು ಗಾಡಿಯಲ್ಲಿದ್ದದ್ದು ರೇಸಿನ ಪ್ಲಗ್ಗು. ನಾನೇ ಹಾಕಿದ್ದು. ಸೀಟಿನ ಕೆಳಗಿದ್ದ ಹಳೇದನ್ನೂ ತೆಗೆದಿದ್ದೆ. ನಿಂಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ" ಎಂದೆ.

ಅವನು ತಲೆ ಎತ್ತಲಿಲ್ಲ. "ಗೊತ್ತು. ಬಿಚ್ಚಿದವ ನಾನೇ ಅಲ್ವಾ?"

"ಮತ್ತೆ ಇಷ್ಟು ವರ್ಷ ಒಂದು ಮಾತೂ ಬೈಲಿಲ್ಲ?"

ಅವನು ತಟ್ಟೆಯನ್ನು ಪಕ್ಕಕ್ಕಿಟ್ಟ. ಕೈ ಒರೆಸಿಕೊಂಡ. "ಹತ್ತು ನಿಮಿಷ ಡಾಕ್ಟ್ರೇ" ಎಂದ.

"ಎಂತದು?"

"ಗಾಡಿ ನಿಂತಿದ್ದು ಹತ್ತು ನಿಮಿಷ. ಬಿಚ್ಚಿದೆ, ಮಸಿ ಕೆರೆದೆ, ಪೆಟ್ರೋಲಲ್ಲಿ ತೊಳೆದೆ, ಬೆಂಕಿಪೊಟ್ಟಣದ ಪಟ್ಟಿಗೆ ತಿಕ್ಕಿ ಹಾಕಿದೆ. ಎರಡನೇ ಕಿಕ್ಕಿಗೆ ಸ್ಟಾರ್ಟಾಯ್ತು. ಸ್ಟಾರ್ಟಾದ ಗಾಡಿನ ನಾನೇ ಆಫ್ ಮಾಡಿದೆ."

ನನಗೆ ಅರ್ಥವಾಗಲಿಲ್ಲ. ಅವನೇ ಮುಂದುವರಿಸಿದ. ಅವನ ದನಿ ಗಾಡಿಯ ಲೆಕ್ಕ ಹೇಳುವಾಗ ಇರುವಷ್ಟೇ ಸಪಾಟಾಗಿತ್ತು. "ಬೆಳಿಗ್ಗೆನೇ ಆಸ್ಪತ್ರೆಯಿಂದ ಫೋನ್ ಬಂದಿತ್ತು, ಬಂದು ಸಹಿ ಹಾಕಿ ಅಂತ. ನಿಮ್ಮ ಹತ್ರ ಹೇಳ್ಲಿಲ್ಲ. ಗಾಡಿ ನಿಲ್ತಲ್ಲ, ಅಲ್ಲಿ ಮೋರಿ ಕಟ್ಟೆ ಮೇಲೆ ಕೂತೆ. ನಾನು ಹೋಗ್ಲಿಲ್ಲ ಅಂದ್ರೆ ಯಾರೂ ಪೈಪ್ ತೆಗಿಯಲ್ಲ ಅಂತ ಅನ್ಕೊಂಡೆ ಮಾರಾಯ್ರೆ. ನಾನು ಕೂತಷ್ಟು ಹೊತ್ತು ಅಪ್ಪ ಇರ್ತಾನೆ ಅಂತ. ಎರಡು ಗಂಟೆ ಮೇಲೇ ಕೂತಿದ್ದೆ. ಅಮ್ಮನ ಹತ್ರ ಹಾಕಿಸ್ಕೊಳ್ತಾರೆ ಅಂತ ಹೊಳೀಲೇ ಇಲ್ಲ."

ಅವನು ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡ. "ಅಮ್ಮ ಗಾಡಿನ ಬೈತಾಳೆ. ಬೈಲಿ ಅಂತ ಸುಮ್ನಿದ್ದೆ. ನೀವು ಒಳಗೊಳಗೇ ಸಾಯ್ತಾ ಇದೀರಿ ಅಂತಾನೂ ಗೊತ್ತಿತ್ತು. ಆದ್ರೂ ಸುಮ್ನಿದ್ದೆ" ಎಂದ. ಕೆಂಪು ಅಕ್ಷರದ ಪ್ಲಗ್ಗನ್ನು ಬರುವಾಗ ಘಾಟಿಯ ಕಣಿವೆಗೆ ಎಸೆದನಂತೆ.

ಮೊದಲು ನನಗೆ ಬಂದದ್ದು ಸಿಟ್ಟು, ಮುಚ್ಚಿಟ್ಟರೆ ಸುಳ್ಳಾಗುತ್ತದೆ. ಆರು ವರ್ಷ ನನ್ನ ಊಟ ನಿದ್ದೆ ಕೆಡಿಸಿದ ತಪ್ಪು ಬರೀ ಹತ್ತು ನಿಮಿಷದ್ದೇ? ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ದಾರಿಯಲ್ಲಿ ಸಿಟ್ಟು ಕರಗಿತು. ಅವನು ಪ್ಲಗ್ಗಿನ ಹಿಂದೆ ಅಡಗಿದ್ದ, ನಾನು ಮೌನದ ಹಿಂದೆ. ಇಬ್ಬರ ಪಾಲಿನ ಭಾರವನ್ನೂ ಹೊತ್ತವಳು ಆ ಮುದುಕಿ. ತಪ್ಪು ನನ್ನದಲ್ಲ ಎಂದು ಗೊತ್ತಾದ ಮೇಲೆ ಹಗುರಾಗುತ್ತೇನೆ ಎಂದುಕೊಂಡಿದ್ದೆ. ಆಗಲಿಲ್ಲ. ಗಾಡಿ ಆಫ್ ಮಾಡಿ ಮೋರಿಯ ಕಟ್ಟೆಯ ಮೇಲೆ ಕೂತವನ ಚಿತ್ರ ಕಣ್ಣಿಗೆ ಕಟ್ಟಿ, ಮೊದಲಿಗಿಂತ ಹೆಚ್ಚು ಬೇಸರವಾಯಿತು.

ಎಂಟು ದಿನ ಕಳೆದಿರಬಹುದು. ಅವರ ದನಕ್ಕೆ ಕೆಚ್ಚಲು ಬಾವು ಎಂದು ಕರೆ ಬಂತು. ಭಾನುವಾರವಾದ್ದರಿಂದ ಹೂವಪ್ಪ ಮನೆಯಲ್ಲಿದ್ದ. ಅವನು ಹಗ್ಗ ಹಿಡಿದುಕೊಂಡ, ನಾನು ಇಂಜೆಕ್ಷನ್ ಕೊಟ್ಟು ಕೆಚ್ಚಲಿಗೆ ಮುಲಾಮು ಹಚ್ಚುತ್ತಿದ್ದೆ. ಚೌಡಮ್ಮ ಕೊಟ್ಟಿಗೆಯ ಬಾಗಿಲಿನಲ್ಲಿ ನಿಂತಿದ್ದಳು. ಎಂದಿನ ಹಾಗೆ ಮಾತು ಬೈಕಿಗೆ ಬಂತು. ಆದರೆ ಈ ಸಲ ಅವಳು ಬೈಯಲಿಲ್ಲ.

"ಡಾಕ್ಟ್ರೇ, ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಸುತ್ತಲ ಊರಿನ ಗಾಡಿನೆಲ್ಲ ರಿಪೇರಿ ಮಾಡೋನು ಇವ. ಆವತ್ತು ಒಂದು ಬೈಕು ಸ್ಟಾರ್ಟ್ ಮಾಡೋಕೆ ಇವನಿಗೆ ಅಷ್ಟು ಹೊತ್ತು ಬೇಕಾಯ್ತಾ?"

ಮಗ ಪಕ್ಕದಲ್ಲಿಯೇ ಇದ್ದರೂ ನನ್ನನ್ನು ಕೇಳಿದಳು. ಇದನ್ನು ಅವಳು ಬಹಳ ದಿನಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು ಎಂದು ದನಿಯಲ್ಲೇ ಗೊತ್ತಾಯಿತು. ಹೂವಪ್ಪನ ಕೈ ಸಡಿಲಾಗಿ ದನ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಅವನು ನನ್ನ ಕಡೆ ನೋಡಲಿಲ್ಲ. ಗೋಡೆಯನ್ನು ನೋಡುತ್ತಿದ್ದ.

ನಾನು ಎದ್ದು ನಿಂತೆ. "ಬೇಕಾಯ್ತು ಅಮ್ಮ. ತಪ್ಪು ನಂದು. ಗಾಡಿಗೆ ಹಾಕಬಾರದ ಪ್ಲಗ್ಗು ಹಾಕಿದ್ದೆ. ಹಳೇದು ಒಂದು ಇಟ್ಕೋಬೇಕು, ಅದನ್ನೂ ತೆಗೆದು ಎಸೆದಿದ್ದೆ. ಅದು ಒಂದ್ಸಲ ಕೆಟ್ರೆ ಯಾರ ಕೈಲೂ ಆಗಲ್ಲ. ಇವ ಅಂತ ಅಲ್ಲ, ಇವನಿಗೆ ಕಲಿಸಿದವರು ಬಂದ್ರೂ ಆಗ್ತಿರ್ಲಿಲ್ಲ. ಬೇರೆ ಗಾಡಿ ಬಂದು ಪ್ಲಗ್ಗು ಕೊಡೋವರೆಗೆ ಕೂರೋದೇ ಗತಿ. ಇವನಿಗೆ ಹೇಳ್ದೆ ಕೊಟ್ಟು ಕಳಿಸಿದೆ" ಎಂದೆ. ಆರು ವರ್ಷ ಬಾಯಿಗೆ ಬಾರದ ಮಾತು. ಅದರ ಅರ್ಧ ನಿಜ, ಅರ್ಧ ಸುಳ್ಳು. ಒಂದು ಕಡೆಯೂ ತೊದಲಲಿಲ್ಲ.

ಚೌಡಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಹಳ ಹೊತ್ತು ಮಗನ ಬೆನ್ನನ್ನೇ ನೋಡಿದಳು. "ಇಷ್ಟು ವರ್ಷ ನಾನು ಹೆತ್ತ ಮಗನ ಮೇಲೆ ಅನುಮಾನ ಇಟ್ಕೊಂಡಿದ್ದೆ. ಬೇಕಂತಲೇ ಬರ್ಲಿಲ್ಲ ಇವ ಅಂತ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ಸಿಟ್ಟೂ ಇರಲಿಲ್ಲ. ಪರಿಚಯವಿಲ್ಲದವರನ್ನು ನೋಡುವ ಹಾಗೆ ನೋಡಿದಳು. "ಗೊತ್ತಿದ್ದೂ ಸುಮ್ನೆ ಇದ್ರಲ್ಲ ನೀವು" ಎಂದು ಹೇಳಿ ಒಳಗೆ ಹೋದಳು.

ಹೂವಪ್ಪ ಹಗ್ಗ ಬಿಟ್ಟು ಅವಳ ಹಿಂದೆ ಹೊರಟ. ನಾನು ಬೇಡವೆಂದು ತಲೆಯಾಡಿಸಿ, ದನದ ಪಕ್ಕದಲ್ಲಿ ಕೂತು ಸಿರಿಂಜು, ಮುಲಾಮು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡೆ. ಮೂರು ದಿನ ಮುಲಾಮು ಹಚ್ಚಬೇಕು ಎಂದು ಹೇಳಿದೆ. ಅವನು ಆಯಿತು ಎಂದ. ಕೊಟ್ಟಿಗೆಯ ಹೊರಗಿನ ಕಲ್ಲಿನ ಮೇಲೆ ಇಬ್ಬರೂ ಒಬ್ಬರ ಕೈಗೆ ಒಬ್ಬರು ನೀರು ಹಾಕಿಕೊಂಡು ಕೈ ತೊಳೆದೆವು. ಊಟದ ಹೊತ್ತಾಗಿತ್ತು.

"ಹೂವಾ, ಬಾರೋ ಮಗಾ, ಬಡಿಸಿದೀನಿ" ಎಂದು ಚೌಡಮ್ಮ ಒಳಗಿನಿಂದ ಕರೆದಳು. ಅವಳು ಅವನನ್ನು ಹಾಗೆ ಕರೆದದ್ದು ನಾನು ಕೇಳಿರಲಿಲ್ಲ. ಅವನು ಒದ್ದೆ ಕೈಯಲ್ಲೇ ನಿಂತ. ಹೋಗು ಎಂದೆ. ಹೋದ. ನಾನು ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಅಂಗಳದಲ್ಲಿ ಸ್ವಲ್ಪ ಹೊತ್ತು ಕಾದೆ. ಒಳಗೆ ಒಂದೇ ಮಣೆ ಎಳೆದ ಸದ್ದು ಕೇಳಿಸಿತು.